ಅಂಗಳ, ಜಗಲಿ, ಪದವು: ಗಡಿನಾಡಿನ ಸಂಗ್ರಹಾಲಯವೊಂದರ ಬಯಲು ಕರಕುಶಲ ಉತ್ಸವದ ಪ್ರಕರಣ ಅಧ್ಯಯನ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಭಾಗದಲ್ಲಿ, ಕರ್ನಾಟಕದ ಗಡಿಯಿಂದ ಬಹಳ ದೂರವಿಲ್ಲದ ಹಳ್ಳಿಯೊಂದರಲ್ಲಿ, ನಾಲ್ಕು ಸುತ್ತಿನ ಹಳೆಯ ಮನೆಯೊಂದು ಈಗ ಸಂಗ್ರಹಾಲಯವಾಗಿದೆ. ಆ ಮನೆಯವರು ಒಂದು ಕಾಲಕ್ಕೆ ಗೇಣಿ ಪಡೆಯುತ್ತಿದ್ದ ಭೂಮಾಲಿಕರು. ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡ ಮೇಲೆ ಮನೆಗೆ ಬರುತ್ತಿದ್ದ ಅಕ್ಕಿಯ ಮುಡಿಗಳು, ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಮೂಟೆಗಳು, ನಿಂತವು, ಮಕ್ಕಳು ಊರು ಬಿಟ್ಟರು. ಅಟ್ಟದಲ್ಲಿ ಉಳಿದದ್ದು ಹಳೆಯ ಮನೆಬಳಕೆಯ ಸಾಮಾನುಗಳು: ಕಳಸೆ, ಸೇರು, ಮರಾಯಿ, ಗೊರಬು, ಗೆರಸೆ, ಕುಡುಪು, ತಾಳೆಗರಿಯ ಕಟ್ಟುಗಳು, ಮಣ್ಣಿನ ಬಿಸಲೆಗಳು. ಅವನ್ನು ಒಪ್ಪವಾಗಿ ಜೋಡಿಸಿ, ಸುತ್ತಲಿನ ಮನೆಗಳಿಂದ ಇನ್ನಷ್ಟನ್ನು ಕೇಳಿ ತಂದು, ಕುಟುಂಬದ ಕಿರಿಯರೂ ಊರಿನ ಕೆಲವು ಅಧ್ಯಾಪಕರೂ ಸೇರಿ ಸಂಗ್ರಹಾಲಯವನ್ನು ಕಟ್ಟಿದರು. ಪ್ರತಿ ಡಿಸೆಂಬರಿನ ಕೊನೆಯಲ್ಲಿ ಅವರು ಮೂರು ದಿನಗಳ ಬಯಲು ಕರಕುಶಲ ಉತ್ಸವ ನಡೆಸುತ್ತಾರೆ. ಮೊದಲ ಎರಡು ವರ್ಷ ನಾನು ಅಲ್ಲಿ ದಾಖಲಾತಿ ಮಾಡಿದೆ, ಮೂರನೆಯ ವರ್ಷ ಕಾರ್ಯಕ್ರಮ ರೂಪಿಸುವ ಸಮಿತಿಯಲ್ಲಿದ್ದೆ. ಎರಡನೆಯ ವರ್ಷದ ಉತ್ಸವ ಏಕೆ ಸೋತಿತು, ಮೂರನೆಯ ವರ್ಷ ಏನನ್ನು ಬದಲಿಸಿದೆವು, ಬದಲಿಸಿದ ಮೇಲೂ ಏನು ಸರಿಹೋಗಲಿಲ್ಲ ಎಂಬುದು ಈ ಬರಹದ ವಿಷಯ. ಸಂಸ್ಥೆಯ ಹೆಸರನ್ನೂ ಕಸುಬುದಾರರ ಹೆಸರುಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಸಂಗ್ರಹಾಲಯ ತನ್ನ ಗೋಡೆಯಾಚೆ ಉತ್ಸವ ನಡೆಸುವುದು ಹೊಸ ವಿಚಾರವೇನಲ್ಲ. ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ತೆರೆದ ಸ್ಕಾನ್ಸೆನ್ ಬಯಲು ಸಂಗ್ರಹಾಲಯದ ಅಂಗಳದಲ್ಲಿ 1903ರಿಂದ ಕ್ರಿಸ್ಮಸ್ ಸಂತೆ ನಡೆಯುತ್ತ ಬಂದಿದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ತನ್ನ ಜನಪದ ಉತ್ಸವವನ್ನು 1967ರಲ್ಲಿ ಬಯಲಿನಲ್ಲಿ ಆರಂಭಿಸಿತು. 1985ರಲ್ಲಿ ಅಲ್ಲಿ ಭಾರತದ ಮೇಳವನ್ನೇ ಕಟ್ಟಿ ನಿಲ್ಲಿಸಿದ್ದರು. ದೆಹಲಿಯ ಕರಕುಶಲ ಸಂಗ್ರಹಾಲಯದ ಹಳ್ಳಿಮನೆಗಳ ಸಂಕೀರ್ಣವಂತೂ 1972ರ ಮೇಳವೊಂದಕ್ಕೆಂದು ತಾತ್ಕಾಲಿಕವಾಗಿ ಕಟ್ಟಿ, ಮೇಳ ಮುಗಿದ ಮೇಲೂ ಉಳಿಸಿಕೊಂಡದ್ದು. ಕನ್ನಡಿಗರಿಗೆ ಹತ್ತಿರದ ಮಾದರಿ ರಾಮನಗರದ ಜಾನಪದ ಲೋಕ. ನಮ್ಮ ಸಂಗ್ರಹಾಲಯದವರ ಮನಸ್ಸಿನಲ್ಲಿ ಇದ್ದದ್ದು ಮುಖ್ಯವಾಗಿ ಅದೇ. ಆದರೆ ಜಾನಪದ ಲೋಕಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿ ಇದೆ. ನಮ್ಮಲ್ಲಿಗೆ ಬರುವವರು ಬಸ್ಸಿಳಿದು ಗುಡ್ಡೆ ಹತ್ತಬೇಕು.

ಎರಡನೆಯ ವರ್ಷದ ಮೂರು ದಿನ

ಮನೆಯ ಹಿಂದೆ ಮುರಕಲ್ಲಿನ ಪದವು, ಅಂದರೆ ಗುಡ್ಡೆಯ ಮೇಲಿನ ಸಮತಟ್ಟಾದ ಬಯಲು, ಇದೆ. ಮಳೆಗಾಲದಲ್ಲಿ ಹುಲ್ಲು ಚಿಗುರಿ ನೀಲಿ ಹೂ ತುಂಬುವ ಆ ಬಯಲು ಡಿಸೆಂಬರಿಗೆ ಬೋಳು ಬಂಡೆಯಾಗುತ್ತದೆ. ವಿಶಾಲವಾದ ಜಾಗ, ವಾಹನ ನಿಲ್ಲಿಸಲು ಅನುಕೂಲ ಎಂದು ಅಲ್ಲಿಯೇ ಮಳಿಗೆಗಳನ್ನು ಸಾಲಾಗಿ ಹಾಕಲಾಗಿತ್ತು. ಬಟ್ಟೆಯ ಶಾಮಿಯಾನ, ಅದರ ಕೆಳಗೆ ಮೇಜು, ಮೇಜಿನ ಮುಂದೆ ಕಸುಬಿನ ಹೆಸರಿನ ಫಲಕ. ಎಲ್ಲ ಮಳಿಗೆಗಳೂ ಒಂದೇ ಅಳತೆಯವು. ನೋಡಲು ಅಚ್ಚುಕಟ್ಟಾಗಿತ್ತು ಎಂಬುದನ್ನು ಒಪ್ಪಬೇಕು.

ಮೊದಲ ದಿನ ಹನ್ನೊಂದು ಗಂಟೆಗೆಲ್ಲ ಮುರಕಲ್ಲು ಕಾದು ಕೆಳಗಿನಿಂದಲೇ ಶಾಖ ಏಳತೊಡಗಿತು. ಬುಟ್ಟಿ ಹೆಣೆಯುವ ಕೊರಗ ಬುಡಕಟ್ಟಿನ ಕುಟುಂಬದವರು ಕಾಡಿನಿಂದ ತಂದಿದ್ದ ಬಳ್ಳಿಗಳು, ಅಂದರೆ ತುಳುವಿನಲ್ಲಿ ಹೇಳುವ ಬೂರುಗಳು, ಹಸಿಯಾಗಿರುವಷ್ಟು ಹೊತ್ತು ಮಾತ್ರ ಬೆರಳಿಗೆ ಬಗ್ಗುತ್ತವೆ. ಆ ಶಾಖಕ್ಕೆ ಅವು ಮಧ್ಯಾಹ್ನದೊಳಗೆ ಸೆಟೆದು ಮುರಿಯತೊಡಗಿದವು. ಅಡಿಕೆ ಹಾಳೆಯಿಂದ ಮುಟ್ಟಾಳೆ ಎಂಬ ತೊಪ್ಪಿ ಮಾಡುವವರು ನೆನೆಹಾಕಿ ಮೆದುಮಾಡಿದ ಹಾಳೆ ಮಡಚುವ ಮೊದಲೇ ಒಣಗಿ ಸುರುಟಿಕೊಂಡಿತು. ಪದವಿನಲ್ಲಿ ನೀರಿರಲಿಲ್ಲ, ಕೆಳಗಿನ ಬಾವಿಯಿಂದ ಕೊಡದಲ್ಲಿ ಹೊತ್ತು ತರಬೇಕಿತ್ತು. ಕುಂಬಾರರ ತಿಗರಿ ಬಂಡೆಯ ಮೇಲೆ ಸಮವಾಗಿ ನಿಲ್ಲಲಿಲ್ಲ. ನೇಯುವವರು ಮಗ್ಗವನ್ನು ತರಲಾರದೆ ಮೇಜಿನ ಮೇಲಿಡುವ ಚಿಕ್ಕ ಮಾದರಿ ಮಗ್ಗವನ್ನು ತಂದಿದ್ದರು, ಒಣ ಗಾಳಿಗೆ ಅದರ ಹಾಸಿನ, ಅಂದರೆ ಉದ್ದಕ್ಕೆ ಎಳೆದ, ನೂಲು ಮೇಲಿಂದ ಮೇಲೆ ಹರಿಯುತ್ತಿತ್ತು. ಹತ್ತಿ ನೂಲಿಗೆ ಗಾಳಿಯಲ್ಲಿ ತೇವ ಬೇಕು ಎಂಬುದು ನೇಯುವವರೆಲ್ಲರಿಗೂ ಗೊತ್ತಿರುವ ಸಂಗತಿ, ಮಳಿಗೆಗಳ ನಕ್ಷೆ ಬರೆದವರು ಅವರನ್ನು ಕೇಳಿರಲಿಲ್ಲ ಅಷ್ಟೆ. ಕಾಸರಗೋಡಿನ ತಳಂಗರೆಯ ತೊಪ್ಪಿಗೆ ಸೂಜಿ ಕೆಲಸ ಮಾಡುವವರಿಗೆ ಬಿಸಿಲಿನ ಜಳದಲ್ಲಿ ಬಿಳಿ ಬಟ್ಟೆಯ ಮೇಲಿನ ಬಿಳಿ ದಾರ ಕಾಣುತ್ತಿರಲಿಲ್ಲ.

ಎರಡನೆಯ ದಿನದಿಂದ ಹೆಚ್ಚಿನವರು ಕೆಲಸ ಮಾಡುವುದನ್ನು ಬಿಟ್ಟು ಮನೆಯಿಂದ ತಂದ ಸಾಮಾನುಗಳನ್ನು ಮಾರಲು ಕುಳಿತರು. ಆಗ ಪಕ್ಕದ ಮಳಿಗೆಗಳಲ್ಲಿ ದೂರದ ಊರುಗಳಿಂದ ಬಂದ ವ್ಯಾಪಾರಿಗಳ ಯಂತ್ರದ ಕೈಚೀಲಗಳೂ ಅಚ್ಚಿನ ಗೊಂಬೆಗಳೂ ಇವರ ಸಾಮಾನಿಗಿಂತ ಅಗ್ಗವಾಗಿ ಕಂಡವು. ಸಂಜೆಯ ಹೊತ್ತಿಗೆ ಧ್ವನಿವರ್ಧಕದ ಹಾಡು, ಭಾಷಣ. ಕುಂಬಾರರೊಬ್ಬರು ಮಡಕೆಯ ಹೊಟ್ಟೆಯನ್ನು ಒಳಗಿನಿಂದ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುವಾಗ ಕೈಗಿಂತ ಹೆಚ್ಚಾಗಿ ಕಿವಿಯಿಂದ ಕೆಲಸ ಮಾಡುತ್ತಾರೆ. ಗೋಡೆ ಎಲ್ಲಿ ದಪ್ಪ ಉಳಿದಿದೆ, ಎಲ್ಲಿ ತೆಳುವಾಯಿತು ಎಂಬುದು ಸದ್ದಿನಲ್ಲಿ ತಿಳಿಯುತ್ತದೆ. ಅವರು ಎರಡು ಮಡಕೆ ತೂತು ಮಾಡಿಕೊಂಡು ಕೆಲಸ ನಿಲ್ಲಿಸಿದರು. ಮೂರನೆಯ ದಿನ ನೋಡುವವರೂ ಕಡಿಮೆಯಾದರು. ಧನಸಹಾಯ ನೀಡಿದ್ದ ಒಂದು ಕಚೇರಿಯವರಿಗೆ ಕಳುಹಿಸಿದ ವರದಿಯಲ್ಲಿ ಮಳಿಗೆಗಳ ಸಂಖ್ಯೆಯೂ ಉದ್ಘಾಟಕರ ಹೆಸರೂ ಇದ್ದವು. ಬಳ್ಳಿ ಒಣಗಿದ ಸುದ್ದಿ ಇರಲಿಲ್ಲ. ಆ ವರದಿಗೆ ಛಾಯಾಚಿತ್ರ ಒದಗಿಸಿದವನು ನಾನೇ ಆದ್ದರಿಂದ ಇದನ್ನು ಇಲ್ಲಿ ಹೇಳುವುದು ನನ್ನ ಹೊಣೆ ಎಂದು ಭಾವಿಸುತ್ತೇನೆ.

ಯಾವ ಕೆಲಸಕ್ಕೆ ಯಾವ ಜಾಗ

ಮುಂದಿನ ವರ್ಷದ ಸಮಿತಿ ಸೇರಿದಾಗ ಮೊದಲು ಬಂದ ಸಲಹೆ ಒಳ್ಳೆಯ ಚಪ್ಪರ, ಫ್ಯಾನು, ನೀರಿನ ಟ್ಯಾಂಕು ಎಂಬುದು. ನಾನು ಹಾಗೆಂದೇ ಯೋಚಿಸುತ್ತಿದ್ದೆ. ದಿಕ್ಕು ಬದಲಾದದ್ದು ಕಸುಬುದಾರರ ಮನೆಗಳಿಗೆ ಹೋದಾಗ. ಉತ್ಸವಕ್ಕೆ ಕರೆಯಲು ಹೋಗುವ ಬದಲು, ಅವರು ಯಾವ ಹೊತ್ತಿನಲ್ಲಿ ಎಲ್ಲಿ ಕುಳಿತು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಬರೆದುಕೊಂಡು ಬರೋಣ ಎಂದು ತೀರ್ಮಾನಿಸಿ, ಮಳೆಗಾಲ ಮುಗಿಯುವುದರೊಳಗೆ ನಾಲ್ಕಾರು ಮನೆಗಳಿಗೆ ಹೋಗಿ ಬಂದೆವು. ಆ ಟಿಪ್ಪಣಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ತಿಳಿದದ್ದು ಇಷ್ಟು: ಬಯಲು ಎಂಬುದು ಒಂದೇ ಜಾಗವಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಳಕೋಣೆ, ಚಾವಡಿ, ಜಗಲಿ, ಅಂಗಳ, ತೋಟ, ಗದ್ದೆ, ಪದವು ಎಂದು ಬೆಳಕಿಗೂ ತೇವಕ್ಕೂ ಒಂದು ಕ್ರಮವಿದೆ, ಮತ್ತು ಪ್ರತಿ ಕಸುಬಿನ ಒಂದೊಂದು ಹಂತವೂ ಆ ಕ್ರಮದಲ್ಲಿ ತನ್ನದೇ ಆದ ಸ್ಥಾನವನ್ನು ಹಿಡಿದಿದೆ. ಯಾವ ಕಸುಬೂ ಪೂರ್ತಿಯಾಗಿ ಹೊರಗಿನದಲ್ಲ, ಪೂರ್ತಿಯಾಗಿ ಒಳಗಿನದೂ ಅಲ್ಲ.

ನೇಯ್ಗೆಯನ್ನೇ ನೋಡಬಹುದು. ಕಾಸರಗೋಡು ಸೀರೆ ನಮ್ಮ ಜಿಲ್ಲೆಯ ಹೆಮ್ಮೆ. 1938ರಲ್ಲಿ ಆರಂಭವಾದ ನೇಕಾರರ ಸಹಕಾರ ಸಂಘ ಅದನ್ನು ಉಳಿಸಿಕೊಂಡು ಬಂದಿದೆ, 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಸಾದಾ ಅಥವಾ ಗೆರೆ–ಚೌಕಳಿಯ ಹತ್ತಿ ಒಡಲು, ಮಗ್ಗಕ್ಕೆ ಜೋಡಿಸುವ ಜಕಾರ್ಡ್ ಅಥವಾ ಡಾಬಿ ಸಾಧನದಲ್ಲಿ ತೆಗೆದ ಅಂಚು, ತೊಳೆದರೂ ಬಿಡದ ಬಣ್ಣ ಅದರ ಗುರುತು. ಈ ಮಗ್ಗವನ್ನು ಬಯಲಿಗೆ ತರುವುದು ಎಂದರೆ ನೇಯ್ಗೆಯನ್ನು ಕೆಡಿಸುವುದು. ಆದರೆ ಕೈಮಗ್ಗದ ಕೆಲಸದಲ್ಲಿ ಬಯಲು ಇಲ್ಲದೆ ನಡೆಯದ ಒಂದು ಹಂತವೂ ಇದೆ: ಹಾಸಿನ ನೂಲಿಗೆ ಗಂಜಿ ಹಾಕುವುದು. ಹಳೆಯ ಪದ್ಧತಿಯಲ್ಲಿ ಹಾಸಿನ ನೂಲನ್ನು ಬೀದಿಯ ಉದ್ದಕ್ಕೂ ಎಳೆದು ಕಟ್ಟಿ, ಅಕ್ಕಿಯ ಗಂಜಿಯನ್ನು ಸವರಿ, ದೊಡ್ಡ ಕುಂಚದಿಂದ ಬಾಚಿ, ಎಳೆಗಳು ಒಂದಕ್ಕೊಂದು ಅಂಟದಂತೆ ಬಿಡಿಸುತ್ತಾರೆ. ಇದನ್ನು ಬೆಳಗಿನ ಜಾವದಲ್ಲಿ ಆರಂಭಿಸಿ, ಬಿಸಿಲು ಏರುವ ಮೊದಲು ಮುಗಿಸಬೇಕು. ಇಲ್ಲವಾದರೆ ಗಂಜಿ ನೂಲಿನೊಳಗೆ ಇಳಿಯುವ ಮುನ್ನವೇ ಗಟ್ಟಿಯಾಗುತ್ತದೆ. ತಿರುವನಂತಪುರದ ಬಳಿಯ ಬಲರಾಮಪುರದ ಬೀದಿಗಳು ಈ ಕೆಲಸಕ್ಕೆ ಹೆಸರಾಗಿವೆ. ಇದೊಬ್ಬರ ಕೆಲಸವಲ್ಲ, ನಾಲ್ಕೈದು ಜನ ಎರಡೂ ಬದಿಗಳಲ್ಲಿ ಹೆಜ್ಜೆ ಕೂಡಿಸಿ ನಡೆಯಬೇಕು. ನಮ್ಮ ಉತ್ಸವ ಆರಂಭವಾಗುತ್ತಿದ್ದದ್ದು ಹತ್ತು ಗಂಟೆಗೆ, ಅತಿಥಿಗಳು ಬಂದ ಮೇಲೆ. ನೇಯ್ಗೆಯಲ್ಲಿ ಬಯಲಿಗೆ ಸೇರಿದ್ದೆಲ್ಲ ಅಷ್ಟರೊಳಗೆ ಮುಗಿದಿರುತ್ತದೆ.

ಮಣ್ಣಿನ ಕೆಲಸದ್ದು ಇನ್ನೊಂದು ಬಗೆ. ತಿಗರಿಯನ್ನು ತಿರುಗಿಸಿ ಮಡಕೆ ಎಬ್ಬಿಸುವುದನ್ನು ಜನ ಬಾಯಿಬಿಟ್ಟು ನೋಡುತ್ತಾರೆ, ಮಕ್ಕಳು ಮಣ್ಣು ಮುಟ್ಟಲು ಮುಗಿಬೀಳುತ್ತಾರೆ. ಆದರೆ ಆ ಹಸಿ ಮಡಕೆ ನೆರಳಿನಲ್ಲಿ ದಿನಗಟ್ಟಲೆ ನಿಧಾನವಾಗಿ ಒಣಗಬೇಕು, ಅರೆ ಒಣಗಿದಾಗ ತಟ್ಟಿ ಅಡಿ ಕೂಡಿಸಬೇಕು, ಮತ್ತೆ ಒಣಗಬೇಕು, ಆಮೇಲೆ ಆವಿಗೆ, ಅಂದರೆ ಮಡಕೆ ಸುಡುವ ಗೂಡು. ಮೂರು ದಿನದ ಉತ್ಸವದಲ್ಲಿ ತಿಗರಿಯ ಮಡಕೆಯೂ ಮಾರಾಟದ ಮಡಕೆಯೂ ಕಾಣುತ್ತವೆ, ನಡುವಿನ ಎಲ್ಲವೂ ಮರೆಯಾಗುತ್ತದೆ; ಹಾಗಾಗಿ ಐದು ನಿಮಿಷದಲ್ಲಿ ಎದ್ದ ಮಡಕೆಗೆ ಅಷ್ಟೇಕೆ ಬೆಲೆ ಎಂದು ಗಿರಾಕಿ ಕೇಳುವುದು ಸಹಜ. ಕುಂಬಾರಿಕೆಯಲ್ಲಿ ನಿಜವಾಗಿ ಬಯಲಿನ ಕೆಲಸವೆಂದರೆ ಸುಡುವುದು. ಒಣಗಿದ ಮಡಕೆಗಳನ್ನು ಒಂದರ ಮೇಲೊಂದು ಕವುಚಿ, ಕಟ್ಟಿಗೆ, ತೆಂಗಿನ ಸಿಪ್ಪೆ, ಬೈಹುಲ್ಲು ತುಂಬಿ, ಮೇಲೆ ಕೆಸರು ಮೆತ್ತಿ, ಸಂಜೆಗೆ ಬೆಂಕಿ ಕೊಟ್ಟು, ರಾತ್ರಿಯಿಡೀ ಗಾಳಿಯ ದಿಕ್ಕು ನೋಡುತ್ತ ಕಾಯುವುದು. ಮರುದಿನ ಅದು ಆರಿದ ಮೇಲೆ ತೆರೆದಾಗಲೇ ಎಷ್ಟು ಉಳಿದವು, ಎಷ್ಟು ಬಿರಿದವು ಎಂದು ತಿಳಿಯುವುದು.

ಸೂಜಿ ಕೆಲಸದ ತೊಪ್ಪಿಗೆ ಜಗಲಿ ಸರಿ. ಪಕ್ಕದಿಂದ ಬರುವ ಮೆತ್ತನೆಯ ಬೆಳಕಿನಲ್ಲಿ ಹೊಲಿಗೆಯ ನೆರಳು ಬಿದ್ದು ಕಣ್ಣಿಗೆ ಸಿಗುತ್ತದೆ. ಮುಟ್ಟಾಳೆಗೆ ಅಡಿಕೆ ತೋಟದ ತೋಡಿನ ಬದಿ ಸರಿ, ಹಾಳೆ ಬೀಳುವುದೂ ನೆನೆಯುವುದೂ ಅಲ್ಲೇ. ಅಕ್ಕಿ ಮುಡಿ ಕಟ್ಟುವುದು ಅಂಗಳದ ಕೆಲಸ: ಹುಲ್ಲು ಹರಡಿ, ಅಕ್ಕಿ ಸುರಿದು, ಬೈಹಗ್ಗದಿಂದ ಸುತ್ತಿ ಬಿಗಿದು, ಮರದ ಹಲಗೆಯಿಂದ ಬಡಿದು ಬಡಿದು ಗುಂಡಗೆ ಮಾಡುವಾಗ ಸುತ್ತಲೂ ನಡೆಯಲು ಜಾಗ ಬೇಕು. ಮುಡಿ ಕಟ್ಟಬಲ್ಲ ಇಬ್ಬರು ಹಿರಿಯರು ಊರಿನಲ್ಲಿ ಇದ್ದರು, ಸಿಗದಿದ್ದದ್ದು ಹುಲ್ಲು. ಕುಳ್ಳನೆಯ ತಳಿಗಳ ಹುಲ್ಲು ಹಗ್ಗಕ್ಕೆ ಉದ್ದ ಸಾಲದು, ಕಟಾವು ಯಂತ್ರದಿಂದ ಬಂದ ಹುಲ್ಲು ಪುಡಿಯಾಗಿರುತ್ತದೆ. ಎತ್ತರದ ಹಳೆಯ ತಳಿಯನ್ನು ಮನೆ ಬಳಕೆಗೆಂದು ಬೆಳೆದು ಕೈಯಲ್ಲಿ ಕೊಯ್ಯುವ ರೈತರೊಬ್ಬರು ಏಣಿಲು, ಅಂದರೆ ಮಳೆಗಾಲದ ಮೊದಲ ಬೆಳೆಯ, ಹುಲ್ಲನ್ನು ಎತ್ತಿಟ್ಟುಕೊಟ್ಟರು. ಮುಡಿ ಮರೆಯಾದದ್ದು ಗೋಣಿಚೀಲ ಬಂದದ್ದರಿಂದ ಎಂದಷ್ಟೇ ನಾನು ತಿಳಿದಿದ್ದೆ. ಗದ್ದೆಯೇ ಬದಲಾದದ್ದು ಅದರ ಇನ್ನೊಂದು ಕಾರಣ ಎಂಬುದು ಆ ಹುಲ್ಲನ್ನು ಹುಡುಕಿದಾಗ ಅರ್ಥವಾಯಿತು.

ಅಂಗಳದ ಪ್ರಶ್ನೆ

ಈ ಲೆಕ್ಕದಲ್ಲಿ ಕೊರಗರ ಬುಟ್ಟಿ ಹೆಣಿಗೆಗೆ ಮನೆಯ ಅಂಗಳದ ಹಲಸಿನ ಮರದ ನೆರಳು ಸೂಕ್ತ ಎಂದು ನಾವು ನಕ್ಷೆಯಲ್ಲಿ ಬರೆದಿದ್ದೆವು. ತೇವ, ನೆರಳು, ಬಾವಿ ಎಲ್ಲವೂ ಹತ್ತಿರ. ಅದನ್ನು ಹೇಳಲು ಅವರ ಕಾಲನಿಗೆ ಹೋದಾಗ ಹಿರಿಯ ಮಹಿಳೆಯೊಬ್ಬರು ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಅಜ್ಜಿ ಬುಟ್ಟಿ ಕೊಡಲು ಆ ಮನೆಗೆ ಹೋಗುತ್ತಿದ್ದಾಗ ಅಂಗಳಕ್ಕೆ ಕಾಲಿಡುವಂತಿರಲಿಲ್ಲ, ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಬುಟ್ಟಿ ಇಟ್ಟು ದೂರ ಸರಿದು ನಿಲ್ಲಬೇಕಿತ್ತು ಎಂದು ಆಮೇಲೆ ಹೇಳಿದರು. ಈಗ ಅದೇ ಅಂಗಳದ ನಡುವೆ ಕುಳಿತು ನೂರಾರು ಜನರ ಮುಂದೆ ಹೆಣೆಯುವುದು ಗೌರವವೋ, ಮತ್ತೊಂದು ಬಗೆಯ ಪ್ರದರ್ಶನವೋ ಎಂಬುದನ್ನು ತಾವು ಮಾತಾಡಿಕೊಂಡು ಹೇಳುವುದಾಗಿ ತಿಳಿಸಿದರು.

ಕೊರಗರು ಕೇರಳದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಸಮುದಾಯ ಎಂದು ಗುರುತಿಸಲಾದವರು. ಗಡಿಯ ಆಚೆ ಕರ್ನಾಟಕದಲ್ಲಿ ಅವರನ್ನು ಅವಮಾನಿಸುವ ಅಜಲು ಪದ್ಧತಿಯನ್ನು 2000ದಲ್ಲಿ ಕಾನೂನು ತಂದು ನಿಷೇಧಿಸಬೇಕಾಯಿತು. ಇಷ್ಟು ಇತಿಹಾಸ ತಿಳಿದೂ, ಮೊದಲ ವರ್ಷದ ಉದ್ಘಾಟನೆಗೆ ಡೋಲು ಬಡಿಯಲು ಅವರನ್ನೇ ಕರೆದಿದ್ದೆವು. ಅದು ಕಲೆಯ ಗೌರವ ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ನಂಬಿದ್ದೆವು. ಆ ಸಮುದಾಯದ ಓದಿದ ಯುವಕರು ಈ ಬಾರಿ ಡೋಲಿನ ಆಹ್ವಾನವನ್ನು ನೇರವಾಗಿ ನಿರಾಕರಿಸಿದರು. ಇನ್ನೊಬ್ಬರ ಸಮಾರಂಭಕ್ಕೆ ತಾವು ಬಡಿಯುವುದು ಬೇಡ ಎಂಬುದು ಅವರ ಮಾತಿನ ತಾತ್ಪರ್ಯ. ಸಮಿತಿಯ ಒಂದಿಬ್ಬರಿಗೆ ಇದರಿಂದ ನೋವಾಯಿತು. ನನ್ನ ದೃಷ್ಟಿಯಲ್ಲಿ ಅವರ ನಿರಾಕರಣೆಯಷ್ಟು ನ್ಯಾಯವಾದ ಮಾತು ಆ ವರ್ಷ ನಮ್ಮ ಸಭೆಗಳಲ್ಲಿ ಬೇರೆ ಬರಲಿಲ್ಲ. ಕಸುಬುದಾರರಿಗೆ ಬಾರದಿರುವ ಹಕ್ಕು ಇಲ್ಲದಿದ್ದರೆ ಅವರನ್ನು ಕರೆಯುವುದಕ್ಕೂ ಅರ್ಥವಿಲ್ಲ.

ಸಂಗ್ರಹಾಲಯದ ಒಳಗೂ ಇದೇ ಪ್ರಶ್ನೆ ಇತ್ತು, ಅದನ್ನು ನಾವು ಯಾರೂ ಗಮನಿಸಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿದ್ದ ಕುಡುಪು, ಗೆರಸೆ, ಬುಟ್ಟಿಗಳ ಚೀಟಿಯಲ್ಲಿ ವಸ್ತುವಿನ ಹೆಸರು, ಅಂದಾಜು ಕಾಲ, ದಾನ ಮಾಡಿದ ಮನೆತನದ ಹೆಸರು ಇದ್ದವು. ಮಾಡಿದವರು ಯಾರು ಎಂಬ ಅಂಕಣವೇ ಇರಲಿಲ್ಲ. ಕಂಚಿನ ದೀಪಕ್ಕೂ ಇರಲಿಲ್ಲ, ಮರದ ಕೆತ್ತನೆಗೂ ಇರಲಿಲ್ಲ. ಆದರೆ ಬುಟ್ಟಿಯ ವಿಷಯದಲ್ಲಿ ಅದು ಬೇರೆಯೇ ಅರ್ಥ ಕೊಡುತ್ತಿತ್ತು, ಏಕೆಂದರೆ ದಾನಿಯ ಮನೆಯವರು ಆ ಬುಟ್ಟಿಗೆ ಕೊಟ್ಟಿದ್ದದ್ದು ಹಿಡಿ ಅಕ್ಕಿ.

ಕೊನೆಗೆ ಅವರು ತಾವಾಗಿ ಒಂದು ಏರ್ಪಾಡನ್ನು ಮುಂದಿಟ್ಟರು. ಮೂವರು ಮಹಿಳೆಯರು ಅಂಗಳದ ಹಲಸಿನ ಬುಡದಲ್ಲಿಯೇ ಕುಳಿತುಕೊಳ್ಳುತ್ತಾರೆ, ಆದರೆ ನೋಡುವವರಿಗಾಗಿ ಅಲ್ಲ, ಕಲಿಯುವವರಿಗಾಗಿ. ಮೊದಲೇ ಹೆಸರು ಕೊಟ್ಟ ಹತ್ತು ಹನ್ನೆರಡು ಜನ ಮಾತ್ರ ಅವರ ಜತೆ ನೆಲದ ಮೇಲೆ ಕುಳಿತು ಅರ್ಧ ದಿನ ಹೆಣೆಯಬೇಕು. ಕೇಳದೆ ಚಿತ್ರ ತೆಗೆಯಬಾರದು. ಬುಟ್ಟಿಗಳ ಬೆಲೆಯನ್ನು ಅವರೇ ಬರೆದು ಇಡುತ್ತಾರೆ, ಚೌಕಾಸಿ ಇಲ್ಲ. ಮಧ್ಯಾಹ್ನದ ಊಟ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ, ಚಾವಡಿಯಲ್ಲಿ. ಕೊನೆಯ ಅಂಶವನ್ನು ಬರೆದುಕೊಂಡವನು ನಾನು. ಬರೆಯುವಾಗ ಕೈ ಸ್ವಲ್ಪ ನಡುಗಿತು.

ಮೂರನೆಯ ವರ್ಷ

ಹೀಗೆ ಮೂರನೆಯ ವರ್ಷ ಮಳಿಗೆಗಳ ಸಾಲು ಇರಲಿಲ್ಲ. ಪದವಿನ ಬಯಲನ್ನು ವಾಹನಗಳಿಗೂ ಆವಿಗೆಗೂ ಬಿಟ್ಟೆವು. ಮೊದಲ ದಿನ ಬೆಳಗಿನ ಐದೂವರೆಗೆ ತೋಟದ ಪಕ್ಕದ ಓಣಿಯಲ್ಲಿ ಹಾಸು ಎಳೆದರು. ಅಷ್ಟು ಹೊತ್ತಿಗೆ ಯಾರು ಬರುತ್ತಾರೆ ಎಂಬ ಅಳುಕು ಇತ್ತು, ಊರಿನವರೇ ಬಂದರು. ಬಸ್ಸಿನಲ್ಲಿ ಬರುವ ಪೇಟೆಯವರಿಗಿಂತ ಮೊದಲು ಸುತ್ತಲಿನ ಮನೆಗಳ ಹೆಂಗಸರು, ಹಾಲು ಕೊಡಲು ಹೊರಟವರು, ಟ್ಯಾಪಿಂಗಿಗೆ ರಬ್ಬರ್ ತೋಟಕ್ಕೆ ಹೋಗುವವರು ನಿಂತು ನೋಡಿದರು. ನೂಲಿನ ಮೇಲೆ ಕುಂಚ ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಎಂಟು ಗಂಟೆಗೆ ಅದು ಮುಗಿದಾಗ ನೇಕಾರರು ಹಾಸನ್ನು ಸುತ್ತಿ ಹೊರಟರು. ನೇಯುವುದನ್ನು ನೋಡಬಯಸಿದವರನ್ನು ಮಧ್ಯಾಹ್ನ ವಾಹನದಲ್ಲಿ ಅವರ ಮಗ್ಗದ ಬಳಿಗೇ ಕರೆದೊಯ್ದೆವು. ಸೀರೆಯನ್ನು ಅಲ್ಲಿ ಕೊಂಡವರು ಹಿಂದಿನ ವರ್ಷ ಮಳಿಗೆಯಲ್ಲಿ ಕೊಂಡವರಿಗಿಂತ ಹೆಚ್ಚು ಎಂದು ನೇಕಾರರೇ ಹೇಳಿದರು.

ಕುಂಬಾರರು ಎರಡು ವಾರ ಮೊದಲೇ ಮನೆಯಲ್ಲಿ ಮಾಡಿ ಒಣಗಿಸಿದ ಬಿಸಲೆ, ಕಾವಲಿ, ಹಣತೆಗಳನ್ನು ತಂದು ಎರಡನೆಯ ಸಂಜೆ ಆವಿಗೆ ಹೂಡಿದರು. ಪಂಚಾಯತಿಗೂ ಅಗ್ನಿಶಾಮಕ ಠಾಣೆಗೂ ಮೊದಲೇ ತಿಳಿಸಿದ್ದೆವು, ನೀರಿನ ಪೀಪಾಯಿಗಳನ್ನು ಇಟ್ಟಿದ್ದೆವು. ಆ ರಾತ್ರಿ ಧ್ವನಿವರ್ಧಕ ಇರಲಿಲ್ಲ. ಆವಿಗೆಯ ಸುತ್ತ ಜನ ಚಾಪೆ ಹಾಸಿಕೊಂಡು ಕುಳಿತರು, ಕೆಲವರು ಬೆಳಗಿನವರೆಗೂ. ಮರುದಿನ ತೆರೆದಾಗ ಬಿರಿದವೂ ಸಾಕಷ್ಟು ಇದ್ದವು. ಬಿರಿದವನ್ನು ಮುಚ್ಚಿಡುವುದು ಬೇಡ, ಉಳಿದವುಗಳ ಪಕ್ಕದಲ್ಲೇ ಇಡೋಣ ಎಂದು ಕುಂಬಾರರೇ ಸೂಚಿಸಿದರು. ಅಂದು ಬೆಲೆಯ ಬಗ್ಗೆ ಯಾರೂ ವಾದಿಸಲಿಲ್ಲ.

ಹಣದ ವಿಷಯದಲ್ಲಿ ಮಾಡಿದ ಬದಲಾವಣೆ ಸರಳ, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ. ಹಿಂದಿನ ವರ್ಷಗಳಲ್ಲಿ ಮಳಿಗೆ ಉಚಿತವಾಗಿತ್ತು, ಗಳಿಕೆ ಮಾರಾಟದಿಂದಲೇ ಬರಬೇಕಿತ್ತು. ಕೈಯೆಲ್ಲ ಮಣ್ಣಾಗಿರುವ ಮನುಷ್ಯ ಹಣ ಎಣಿಸಲಾರ. ತೋರಿಸುತ್ತ ಕುಳಿತರೆ ಮಾರಾಟವಿಲ್ಲ, ಮಾರುತ್ತ ಕುಳಿತರೆ ತೋರಿಸುವುದಿಲ್ಲ. ಈ ಬಾರಿ ಪ್ರತಿ ಕಸುಬಿಗೆ ಇಬ್ಬರಂತೆ, ಮಾಡುವವರೊಬ್ಬರು ಮತ್ತು ಮಾರುವವರೊಬ್ಬರು, ದಿನಗೂಲಿ, ಪ್ರಯಾಣ, ಕಚ್ಚಾವಸ್ತುವಿನ ಬೆಲೆ ಕೊಟ್ಟೆವು. ಮಾರಾಟದ ಹಣ ಪೂರ್ತಿ ಅವರದು. ಇದರಿಂದಾಗಿ ಕರೆಯಬಹುದಾದ ಕಸುಬುಗಳ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು. ಹೊರಗಿನ ವ್ಯಾಪಾರಿಗಳಿಗೆ ಅವಕಾಶ ಕೊಡದಿದ್ದರಿಂದ ಸಂಗ್ರಹಾಲಯಕ್ಕೆ ಬರುತ್ತಿದ್ದ ಬಾಡಿಗೆಯೂ ನಿಂತಿತು. ಆ ನಷ್ಟವನ್ನು ಮನೆತನದವರು ಭರಿಸಿದರು. ಇದು ಪ್ರತಿ ವರ್ಷ ನಡೆಯುವ ಮಾತಲ್ಲ.

ಫಲಕಗಳ ಬಗ್ಗೆ ಒಂದು ಮಾತು. 1956ರ ನವೆಂಬರ್ 1ರ ವರೆಗೆ ಈ ಊರು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕಿನಲ್ಲಿತ್ತು, ಆಮೇಲೆ ಕೇರಳದ್ದು. ವಸ್ತುಗಳಿಗಂತೂ ಗಡಿ ಗೊತ್ತಿಲ್ಲ. ಕನ್ನಡದ ಗೆರಸೆ ತುಳುವಿನಲ್ಲಿ ತಡ್ಪೆ, ಮಲಯಾಳದಲ್ಲಿ ಮುರಂ. ಚಾಪೆ ತುಳುವಿಗೆ ಪಜೆ, ಮಲಯಾಳಕ್ಕೆ ಪಾಯ. ಎರಡು ಲಿಪಿಗಳಲ್ಲಿ ಮೂರು ಹೆಸರನ್ನೂ ಬರೆದೆವು. ಶಾಲಾ ಮಕ್ಕಳು ಮನೆಗೆ ಹೋಗಿ ಅಜ್ಜಿಯರನ್ನು ಕೇಳಿ ಇನ್ನಷ್ಟು ಹೆಸರು ತಂದರು, ಒಂದು ಫಲಕದ ಮೇಲೆ ಮರಾಟಿ ಹೆಸರೂ ಸೇರಿತು. ಗಡಿಯಾಚೆಯ ವಿಟ್ಲ, ಪುತ್ತೂರು ಕಡೆಯ ಕಸುಬುದಾರರನ್ನೂ ಕರೆದಿದ್ದೆವು. ಅವರ ಕೂಲಿಯನ್ನು ಧನಸಹಾಯದ ಲೆಕ್ಕದಲ್ಲಿ ತೋರಿಸಲು ಬರುವುದಿಲ್ಲ ಎಂಬ ತೊಡಕು ಎದುರಾಯಿತು. ನಮ್ಮೂರಿನ ಅಡಿಕೆ ಮಂಗಳೂರಿನಲ್ಲಿ ಮಾರಾಟವಾಗುತ್ತದೆ, ನಮ್ಮ ರೋಗಿಗಳು ಅಲ್ಲಿಯ ಆಸ್ಪತ್ರೆಗೆ ಹೋಗುತ್ತಾರೆ. ಬುಟ್ಟಿಗೆ ಮಾತ್ರ ರಾಜ್ಯ ಕೇಳುವ ನಮೂನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಸರಿಹೋಗದೆ ಉಳಿದದ್ದು

ದಿನಾಂಕ ಸರಿಹೋಗಲಿಲ್ಲ. ಡಿಸೆಂಬರಿನ ಕೊನೆ ಶಾಲೆಗಳಿಗೆ ಕ್ರಿಸ್ಮಸ್ ರಜೆ, ಗಲ್ಫಿನಿಂದಲೂ ಬೆಂಗಳೂರಿನಿಂದಲೂ ಮಕ್ಕಳು ಊರಿಗೆ ಬರುವ ಕಾಲ. ನೋಡುವವರ ಅನುಕೂಲಕ್ಕೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಮಾಡುವವರ ಅನುಕೂಲ ಬೇರೆ. ದೀಪಾವಳಿಯ ನಂತರ ಮೇ ತಿಂಗಳ ಕೊನೆಯ ಪತ್ತನಾಜೆಯ ವರೆಗೆ ಕೋಲ, ನೇಮ, ತೆಯ್ಯಂ, ಯಕ್ಷಗಾನ ಮೇಳಗಳ ತಿರುಗಾಟ ನಡೆಯುತ್ತಿರುತ್ತವೆ. ದೈವಗಳ ವೇಷದ ಅಣಿ ಕಟ್ಟುವವರು, ಕಿರೀಟ–ಭುಜಕೀರ್ತಿ ಮಾಡುವವರು, ಚೆಂಡೆ–ಮದ್ದಳೆಗೆ ಚರ್ಮ ಬಿಗಿಯುವವರು ಡಿಸೆಂಬರಿನಲ್ಲಿ ಬಿಡುವಾಗುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಕೂಗಳತೆಯಲ್ಲಿರುವಂತಿದ್ದರೂ ನಮ್ಮ ಉತ್ಸವದಲ್ಲಿ ಮೂರು ವರ್ಷಗಳಿಂದ ಒಂದು ಕಿರೀಟದ ಕೆಲಸವನ್ನೂ ತೋರಿಸಲಾಗಿಲ್ಲ. ಅವರಿಗೆ ಬಿಡುವು ಮಳೆಗಾಲದಲ್ಲಿ. ಆಗ ಬಯಲಿನ ಉತ್ಸವ ಸಾಧ್ಯವಿಲ್ಲ.

ಮಣ್ಣಿಗೂ ಇದು ಕಾಲವಲ್ಲ. ಜೇಡಿಮಣ್ಣು ತೆಗೆಯುವುದು ಗದ್ದೆ ಬರಿದಾದ ಬೇಸಗೆಯಲ್ಲಿ. ಭತ್ತದ ಗದ್ದೆ ಮತ್ತು ಜೌಗುಭೂಮಿಗಳನ್ನು ಉಳಿಸಲು ಕೇರಳ 2008ರಲ್ಲಿ ತಂದ ಕಾಯ್ದೆ ಅಗತ್ಯವಾದದ್ದು, ಅದಿಲ್ಲದಿದ್ದರೆ ಇಷ್ಟು ಹೊತ್ತಿಗೆ ಉಳಿದ ಗದ್ದೆಗಳೂ ಮಣ್ಣು ತುಂಬಿ ಸೈಟುಗಳಾಗುತ್ತಿದ್ದವು. ಆದರೆ ಹೆಂಚಿನ ಕಾರ್ಖಾನೆಗೆ ಲಾರಿಗಟ್ಟಲೆ ಮಣ್ಣು ಸಾಗಿಸುವುದಕ್ಕೂ ಕುಂಬಾರರು ತಲೆಹೊರೆಯಲ್ಲಿ ಒಂದು ವರ್ಷದ ಮಣ್ಣು ತರುವುದಕ್ಕೂ ವ್ಯತ್ಯಾಸವಿದೆ, ಮತ್ತು ಅನುಮತಿಗಾಗಿ ಅಲೆಯುವ ಶಕ್ತಿ ಎರಡನೆಯವರಿಗಿಲ್ಲ. ಬಳ್ಳಿಯ ವಿಷಯವೂ ಹಾಗೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಬುಡಕಟ್ಟು ಜನರ ಹಕ್ಕನ್ನು ಒಪ್ಪಿದೆ; ಆದರೆ ಬಳ್ಳಿ ಹಬ್ಬುತ್ತಿದ್ದ ಗುಡ್ಡೆಗಳಲ್ಲಿ ಹಲವು ಈಗ ಅರಣ್ಯವಲ್ಲ, ಖಾಸಗಿ ರಬ್ಬರ್ ತೋಟ. ಅಲ್ಲಿ ಯಾವ ಹಕ್ಕನ್ನು ಹೇಳುವುದು ಎಂದು ಆ ಹಿರಿಯ ಮಹಿಳೆ ಕೇಳಿದಾಗ ಸಮಿತಿಯಲ್ಲಿ ಯಾರೂ ಮಾತಾಡಲಿಲ್ಲ.

ಈ ಕಾರಣಕ್ಕಾಗಿ ಉತ್ಸವವನ್ನು ಒಡೆಯುವುದೆಂದು ಕಳೆದ ಸಭೆಯಲ್ಲಿ ತೀರ್ಮಾನವಾಗಿದೆ. ಡಿಸೆಂಬರಿನ ಮೂರು ದಿನ ಒಂದೂವರೆ ದಿನವಾಗುತ್ತದೆ: ಹಾಸು, ಆವಿಗೆ, ಮುಡಿ, ಜಗಲಿಯ ಸೂಜಿ ಕೆಲಸ. ಕೊಳಕೆ, ಅಂದರೆ ಬೇಸಗೆಯ ಭತ್ತದ ಬೆಳೆಯ, ಕೊಯ್ಲಿನ ನಂತರ ಮಣ್ಣು ತೆಗೆಯುವ ಒಂದು ದಿನ, ಗದ್ದೆಯಲ್ಲಿಯೇ. ಮಳೆಗಾಲದ ಆಟಿ ತಿಂಗಳಲ್ಲಿ ಕಿರೀಟ, ಅಣಿ, ಚೆಂಡೆಗಳ ಕೆಲಸ ಚಾವಡಿಯ ಒಳಗೆ, ಮಳೆಯ ಸದ್ದಿನಲ್ಲಿ. ಧನಸಹಾಯದ ನಮೂನೆಯಲ್ಲಿ ಉತ್ಸವದ ದಿನಾಂಕಕ್ಕೆ ಒಂದೇ ಗೆರೆ ಇರುವುದರಿಂದ ಇದಕ್ಕೆ ಹಣ ಹೇಗೆ ಕೇಳುವುದು ಎಂಬುದು ಇನ್ನೂ ಬಗೆಹರಿದಿಲ್ಲ.

ಸಂಗ್ರಹಾಲಯದ ದಾಖಲೆ ಪುಸ್ತಕದಲ್ಲಿ ಈಗ ಮಾಡಿದವರು ಎಂಬ ಅಂಕಣ ಬಂದಿದೆ. ಉತ್ಸವದ ಕೊನೆಯ ಮಧ್ಯಾಹ್ನ, ಊಟವಾದ ಮೇಲೆ, ಮೂವರು ಮಹಿಳೆಯರನ್ನು ಒಳಗೆ ಕರೆದು ಗಾಜಿನ ಪೆಟ್ಟಿಗೆಯನ್ನು ತೆರೆದೆವು. ಅವರು ಬುಟ್ಟಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಮಗುಚಿ, ಅಡಿಯ ಹೆಣಿಗೆಯನ್ನೂ ಬಾಯಿಯ ಸುತ್ತಿನ ಕಟ್ಟನ್ನೂ ಬೆರಳಿನಿಂದ ತಡವಿ ನೋಡಿದರು. ಎರಡು ಬುಟ್ಟಿಗಳ ಬಾಯಿಕಟ್ಟು ತಮ್ಮ ತಾಯಿಯ ಕಡೆಯವರದು, ಗುಡ್ಡೆಯ ಆಚೆ ಬದಿಯ ಕಾಲನಿಯವರು ಮಾತ್ರ ಹಾಗೆ ತಿರುವಿ ಕಟ್ಟುತ್ತಿದ್ದರು ಎಂದು ಹಿರಿಯರು ಗುರುತಿಸಿದರು. ಆ ಎರಡಕ್ಕೆ ಅಂಕಣ ತುಂಬಿದೆವು. ಉಳಿದವಕ್ಕೆ ಜಾಗ ಬಿಟ್ಟಿದ್ದೇವೆ. ಮಳೆ ನಿಂತ ಮೇಲೆ ಆಚೆ ಬದಿಯ ಕಾಲನಿಯ ಹಿರಿಯರನ್ನೂ ಕರೆತಂದು ತೋರಿಸುವುದಿದೆ.